ಜೇಬಿನಲ್ಲೊಂದು ಗುಳಿಗೆ

ಎದೆ ಬಿಗಿದು ಬೆವರು ಸುರಿದರೂ ‘ವಾಯುವಿನ ಬಾಧೆ’ಯೆಂದು ಜೀರಿಗೆ ಕಷಾಯ ಕುಡಿದು ಮಲಗುವ ಅಭ್ಯಾಸವನ್ನು ಶಿವಮೊಗ್ಗದ ಕೋಟೆಯವರೂ ಭದ್ರಾವತಿಯವರೂ ಇನ್ನಾದರೂ ಬಿಡಬೇಕು.

2021ರಲ್ಲಿ ನಟ ಪುನೀತ್ ರಾಜಕುಮಾರರು 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ಅಗಲಿದ ಬಳಿಕ, ಸರಕಾರದವರು ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಸ್ಥಾಪಿಸಿದ್ದು ಸ್ತುತ್ಯವೇ ಸರಿ. ಆದರೆ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗಿನ ಹೊತ್ತು ನಮ್ಮ ಹೊಣೆ.

ಆಸ್ಪಿರಿನ್ ರಕ್ತದ ಹೆಪ್ಪು ಬೆಳೆಯದಂತೆ ತಡೆಯುವುದು. 17,000ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಐದು ವಾರಗಳೊಳಗಿನ ಹೃದಯ ರಕ್ತನಾಳಗಳ ಮರಣವನ್ನು ಅದು ನೂರಕ್ಕೆ ಸುಮಾರು 23ರಷ್ಟು ತಗ್ಗಿಸಿತು.

ಮೊದಲು 108ಕ್ಕೆ ಕರೆ. ಬಳಿಕ ಸುಮಾರು 300 ಮಿಲಿಗ್ರಾಮಿನ ಗುಳಿಗೆಯನ್ನು ಜಗಿದು ನುಂಗುವುದು: ಇದೇ ಕ್ರಮ. ಆಸ್ಪಿರಿನ್ ಒಗ್ಗದವರಿಗೂ ರಕ್ತಸ್ರಾವದ ರೋಗವುಳ್ಳವರಿಗೂ ಅದು ಅಪಾಯಕರ. ಆದುದರಿಂದ ವೈದ್ಯರನ್ನು ಇಂದೇ ವಿಚಾರಿಸಿ ಗುಳಿಗೆಯನ್ನು ಜೇಬಿನಲ್ಲಿರಿಸಬೇಕೆಂದು ವಾಚಕರಲ್ಲಿ ಬಿನ್ನವಿಸುತ್ತೇವೆ.