ಉತ್ತರಕ್ಕೆ ಮೊದಲು ಒಂದು ಪ್ರಶ್ನೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಮುಗಿಸಿ ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು. ದೊಡ್ಡ ತಂತ್ರಜ್ಞಾನ ಕಂಪೆನಿಯೊಂದರಲ್ಲಿ ‘ಪ್ರಾಡಕ್ಟ್ ಮ್ಯಾನೇಜರ್’ ಹುದ್ದೆಯ ಸಂದರ್ಶನಕ್ಕೆ ಹೋಗಿ ಬರಿಗೈಲಿ ಬಂದಿದ್ದ.

“ಅಂಧರಿಗಾಗಿ ಒಂದು ಅಲಾರಂ ಗಡಿಯಾರ ರೂಪಿಸಿ ಅಂದರು ಸಾರ್. ಒಂದೇ ಉಸಿರಿಗೆ ಎಂಟು ಸೌಲಭ್ಯ ಹೇಳಿದೆ. ಬಳಸುವವರು ಯಾರು ಅಂತ ಕೇಳಿದರು. ಅಂಧರು ಅಂದೆ. ಮುಂದಕ್ಕೆ ಮಾತೇ ಹೊರಡಲಿಲ್ಲ” ಎಂದ.

ಹತ್ತನೆಯ ತರಗತಿಯಲ್ಲಿ ಅವನು ಬಹಳ ಪ್ರಶ್ನೆ ಕೇಳುತ್ತಿದ್ದ ಹುಡುಗ. “ಮೊದಲು ಉತ್ತರ ಬರೆದುಕೋ, ಪೋರ್ಷನ್ ಮುಗೀಬೇಕು” ಎಂದು ಅವನನ್ನು ಕೂರಿಸುತ್ತಿದ್ದವನು ನಾನೇ. ಆ ಸೋಲಿನಲ್ಲಿ ನನ್ನದೂ ಒಂದು ಪಾಲಿದೆ ಎನ್ನಿಸಿತು. ಆದ್ದರಿಂದ ಈ ವಾರದ ಅಂಕಣ ಈ ಸಂದರ್ಶನದ ತಯಾರಿಗೆ ಮೀಸಲು.

ಮೊದಲಿಗೆ, ಏನಿದು ಹುದ್ದೆ? ಮ್ಯಾನೇಜರ್ ಎಂಬ ಹೆಸರಿದ್ದರೂ ಎಂಜಿನಿಯರುಗಳು ಸಾಮಾನ್ಯವಾಗಿ ಇವರ ಕೈಕೆಳಗಿನವರಲ್ಲ. ಯಾರಿಗಾಗಿ, ಏನನ್ನು, ಏಕೆ ತಯಾರಿಸಬೇಕು ಎಂಬುದನ್ನು ಗೊತ್ತುಮಾಡಿ, ಎಲ್ಲರನ್ನೂ ಒಪ್ಪಿಸಿ ಕೆಲಸ ಸಾಗಿಸುವುದು ಇವರ ಹೊಣೆ. ಇದರ ಬೇರು ಕಂಪ್ಯೂಟರಿಗಿಂತ ಹಳೆಯದು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯಲ್ಲಿ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮ್ಯಾಕೆಲ್‌ರಾಯ್, ಒಂದೊಂದು ಬ್ರಾಂಡಿಗೂ ಪ್ರತ್ಯೇಕ ಹೊಣೆಗಾರರು ಬೇಕೆಂದು ಮೂರು ಪುಟದ ಟಿಪ್ಪಣಿ ಬರೆದರು. ಗೂಗಲ್ 2002ರಲ್ಲಿ ಹೊಸ ಪದವೀಧರರನ್ನೇ ಇದಕ್ಕೆ ತರಬೇತುಗೊಳಿಸುವ ಯೋಜನೆ ಆರಂಭಿಸಿತು.

ಸಂದರ್ಶನ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಪ್ರಶ್ನೆಗಳು ಮುಖ್ಯವಾಗಿ ನಾಲ್ಕು ಬಗೆ.

ಒಂದು, ರೂಪಿಸುವ ಪ್ರಶ್ನೆ. ನನ್ನ ಶಿಷ್ಯ ಎಡವಿದ್ದು ಇಲ್ಲೇ. ಹುಟ್ಟಿನಿಂದ ದೃಷ್ಟಿ ಇಲ್ಲದವರೇ, ವಯಸ್ಸಾದ ಮೇಲೆ ಕಳೆದುಕೊಂಡವರೇ? ಒಂಟಿಯಾಗಿ ಇರುವವರೇ, ಪಕ್ಕದಲ್ಲಿ ಮಗು ಮಲಗಿರುತ್ತದೆಯೇ? ಕಿವಿಯೂ ಕೇಳದಿದ್ದರೆ ಗಂಟೆಯ ಬದಲು ದಿಂಬಿನಡಿ ಕಂಪನ ಬೇಕಲ್ಲವೇ? ಕೈಯಲ್ಲಿರುವ ಫೋನೇ ಸಮಯ ಓದಿ ಹೇಳುವಾಗ ಬೇರೆ ಗಡಿಯಾರ ಏಕೆ? ಇಷ್ಟು ಕೇಳಿಕೊಂಡು, ಒಬ್ಬ ಬಳಕೆದಾರನನ್ನು ಆರಿಸಿಕೊಂಡು, ಆತನ ಒಂದು ಕಷ್ಟಕ್ಕೆ ಪರಿಹಾರ ಹೇಳಿದರೆ ಸಾಕು. ಎಂಟು ಸೌಲಭ್ಯಕ್ಕಿಂತ ಸರಿಯಾದ ಒಂದು ಮೇಲು.

ಎರಡು, ಅಂದಾಜಿನ ಪ್ರಶ್ನೆ. ಇದರ ಗುರು ಭೌತವಿಜ್ಞಾನಿ ಎನ್ರಿಕೊ ಫರ್ಮಿ. 1945ರ ಜುಲೈ 16ರಂದು ಮೊದಲ ಪರಮಾಣು ಸ್ಫೋಟವಾದಾಗ ಅವರು ಸುಮಾರು 16 ಕಿಲೋಮೀಟರು ದೂರದಲ್ಲಿ ನಿಂತು ಕಾಗದದ ಚೂರುಗಳನ್ನು ಕೈಬಿಟ್ಟರು. ಅಲೆ ಬಂದಾಗ ಅವು ಎಷ್ಟು ದೂರ ಸರಿದವೆಂದು ನೋಡಿ, ಸ್ಫೋಟದ ಬಲ ಸುಮಾರು ಹತ್ತು ಸಾವಿರ ಟನ್ ಟಿಎನ್‌ಟಿಗೆ ಸಮ ಎಂದರು. ನಿಜವಾದದ್ದು ಇಪ್ಪತ್ತು ಸಾವಿರ ಟನ್ನಿಗೂ ಹೆಚ್ಚು. ಕಾಗದದ ಚೂರಿನ ಲೆಕ್ಕಕ್ಕೆ ಇದು ಸಣ್ಣ ತಪ್ಪು.

ನಾವೂ ಒಂದು ಮಾಡೋಣ. ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ತಿದ್ದಲು ಎಷ್ಟು ಶಿಕ್ಷಕರು ಬೇಕು? 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಆಯುಸ್ಸು 70 ವರ್ಷ ಎಂದಿಟ್ಟುಕೊಂಡು ಭಾಗಿಸಿದರೆ ಒಂದು ವಯಸ್ಸಿನವರು ಸುಮಾರು 8.7 ಲಕ್ಷ. ಈಚಿನ ವರ್ಷಗಳಲ್ಲಿ ಪರೀಕ್ಷೆಗೆ ನೋಂದಾಯಿಸುವವರೂ ಎಂಟು-ಒಂಬತ್ತು ಲಕ್ಷದ ಆಸುಪಾಸಿನಲ್ಲೇ ಇದ್ದಾರೆ! ತಲಾ ಆರು ಪತ್ರಿಕೆಯಂತೆ 52 ಲಕ್ಷ. ಒಬ್ಬರು ದಿನಕ್ಕೆ 20ರಂತೆ ಹತ್ತು ದಿನ ತಿದ್ದಿದರೆ 200. ಅಲ್ಲಿಗೆ 26 ಸಾವಿರ ಶಿಕ್ಷಕರು. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು. ಊಹೆಯನ್ನು ಊಹೆ ಎಂದೇ ಹೇಳಬೇಕು. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬಂಥ ಪ್ರಶ್ನೆ ವ್ಯರ್ಥವೆಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ಹೇಳಿದ್ದುಂಟು. ಆದರೆ ಒಂದು ವಸ್ತುವಿಗೆ ಎಷ್ಟು ಜನ ಬಳಕೆದಾರರು ಸಿಕ್ಕಾರು ಎಂಬ ಅಂದಾಜು ಈ ವೃತ್ತಿಗೆ ಬೇಕೇ ಬೇಕು.

ಮೂರು, ಕಾರಣ ಹುಡುಕುವ ಪ್ರಶ್ನೆ. ‘ನಮ್ಮ ಆ್ಯಪ್ ಬಳಕೆ ಹತ್ತನೇ ಒಂದರಷ್ಟು ಕುಸಿದಿದೆ, ಏಕೆ?’ ಇದು ನಮ್ಮ ಪ್ರಯೋಗಾಲಯದ ಪಾಠವೇ. ಮೊದಲು ಅಳತೆ ಸರಿಯೇ ನೋಡಿ. ಆಮೇಲೆ ಎಲ್ಲ ಊರಲ್ಲೂ ಕುಸಿದಿದೆಯೇ, ಒಂದೇ ಬಗೆಯ ಫೋನಿನಲ್ಲೇ, ಹಬ್ಬದ ರಜೆಯೇ, ಹೊಸ ಆವೃತ್ತಿ ಬಿಟ್ಟ ದಿನದಿಂದಲೇ ಎಂದು ಒಂದೊಂದನ್ನೇ ಬಿಡಿಸುತ್ತಾ ಹೋಗಿ.

ನಾಲ್ಕು, ನಿಮ್ಮ ಅನುಭವ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ಏನು ಮಾಡಿದಿರಿ, ಫಲ ಏನಾಯಿತು ಎಂಬ ಕ್ರಮದಲ್ಲಿ ಐದಾರು ನಿಜ ಘಟನೆಗಳನ್ನು ಬರೆದಿಟ್ಟುಕೊಳ್ಳಿ. ಸೋತದ್ದೂ ಒಂದಿರಲಿ. ‘ನಾವು ಮಾಡಿದೆವು’ ಎಂದಷ್ಟೇ ಹೇಳಿದರೆ ಸಾಲದು. ನೀವು ಮಾಡಿದ್ದು ಯಾವುದು ಎಂಬುದು ತಿಳಿಯಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಕಿವಿಮಾತು. ನಮ್ಮ ತರಗತಿಗಳು ಮೌನವನ್ನು ಶಿಸ್ತು ಎಂದು ಕಲಿಸಿವೆ. ಆದರೆ ಇಲ್ಲಿ ತಲೆಯೊಳಗೇ ಲೆಕ್ಕ ಮಾಡಿ ಸುಮ್ಮನೆ ಕೂತರೆ, ಗೊತ್ತಿಲ್ಲದವರಿಗೂ ನಿಮಗೂ ವ್ಯತ್ಯಾಸ ಕಾಣುವುದಿಲ್ಲ. ಗೆಳೆಯನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ಗಡಿಯಾರ ಇಟ್ಟು, ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಅಭ್ಯಾಸ ಮಾಡಿ. ಮೊದಲು ಕನ್ನಡದಲ್ಲಿ ಯೋಚನೆ ಜೋಡಿಸಿ. ಬಳಿಕ ಅದನ್ನೇ ಸರಳ ಇಂಗ್ಲಿಷಿನಲ್ಲಿ ಹೇಳಿ.

ಪೋಷಕರೇ, ಇದಕ್ಕೆಂದು ಸಾಲ ಮಾಡಿ ದುಬಾರಿ ತರಬೇತಿಗೆ ಕಳಿಸುವ ಮೊದಲು ಯೋಚಿಸಿ. ಮಗು ‘ಇದು ಯಾಕೆ ಹೀಗಿದೆ’ ಎಂದು ಕೇಳಿದಾಗ, “ಸುಮ್ಮನೆ ಓದು” ಎನ್ನದೆ ಐದು ನಿಮಿಷ ಮಾತಾಡಿ. ತಯಾರಿಯ ಮೊದಲ ಮೆಟ್ಟಿಲು ಅದೇ.

ನನ್ನ ಶಿಷ್ಯ ಮತ್ತೆ ಅರ್ಜಿ ಹಾಕುತ್ತಾನಂತೆ. ಭಾನುವಾರಗಳಂದು ಬಂದು ನನ್ನೆದುರು ಕೂರುತ್ತಿದ್ದಾನೆ. ಈಗ ಅವನು ಕೇಳುವ ಪ್ರಶ್ನೆಗಳನ್ನು ನಾನು ತಡೆಯುವುದಿಲ್ಲ.

ಈ ವಾರದ ಮನೆಗೆಲಸ: ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು, ಒಬ್ಬ ಪ್ರಯಾಣಿಕರ ಒಂದು ಕಷ್ಟವನ್ನು ಗುರುತಿಸಿ. ಪರಿಹಾರ ಆಮೇಲೆ ಯೋಚಿಸೋಣ.