ಸೋತ ದಿನವೂ ಮೈದಾನಕ್ಕೆ ಹೋಗುವವರ ಪರವಾಗಿ

ಫುಟ್ಬಾಲ್ ತಂಡವೊಂದರ ಹಿಂದೆ ಬಿದ್ದವರನ್ನು ಕಂಡು ನಗುವವರು ನಮ್ಮಲ್ಲಿ ಬಹಳ. ಮನೆಯ ಹಿರಿಯರಿಗೆ ಅದು ಕೆಲಸವಿಲ್ಲದವರ ಕೆಲಸ. ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಓಡಿದರೆ ನಿನಗೇನು ಸಿಕ್ಕಿತು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆ ಹಳೆಯದು, ಅದರಿಂದ ನಮಗೆ ಬೇಸರವೂ ಇಲ್ಲ. ಗೆಳೆಯರ ನಗೆ ಬೇರೆ ಬಗೆಯದು. ಅವರು ನಡುರಾತ್ರಿ ಎದ್ದು ಲಿವರ್‌ಪೂಲ್, ಬಾರ್ಸಿಲೋನಾಗಳ ಆಟ ನೋಡುವವರು. ಹತ್ತಿರದ ಕಂಠೀರವ ಕ್ರೀಡಾಂಗಣಕ್ಕೆ ಬನ್ನಿ ಎಂದರೆ ‘ಇಂಡಿಯಾದ ಫುಟ್ಬಾಲೂ ಒಂದು ಫುಟ್ಬಾಲೇ?’ ಎನ್ನುವವರು. ಬೆಂಗಳೂರು ಎಫ್‌ಸಿಯ ಅಭಿಮಾನಿಗಳಾದ ನಾವು ಈ ಎರಡೂ ನಗೆಗಳನ್ನು ವರ್ಷಗಟ್ಟಲೆ ಸಹಿಸಿಕೊಂಡು ಬಂದಿದ್ದೇವೆ. ಆದರೆ 2025ರ ಜುಲೈಯಲ್ಲಿ ಈ ಆಟವನ್ನು ನಡೆಸುವವರೇ ನಮ್ಮನ್ನು ನಗೆಪಾಟಲಿಗೆ ಗುರಿ ಮಾಡಿದರು. ಮುಂದಿನ ಸೀಸನ್ ತಡೆಹಿಡಿಯಲಾಗಿದೆ ಎಂದು ಒಂದು ಪ್ರಕಟಣೆ ಹೊರಟಿತು. ಇದನ್ನು ಮಾತ್ರ ಸಹಿಸಿಕೊಂಡು ಸುಮ್ಮನಿರಲು ನಮ್ಮಿಂದಾಗದು.

ಒಂದು ಸೀಸನ್ ಎಂದರೇನೆಂದು ಮೊದಲು ಹೇಳಬೇಕು. ಏಕೆಂದರೆ ಅದನ್ನು ನಿಲ್ಲಿಸಿದವರಿಗೆ ಅದು ಗೊತ್ತಿರುವಂತೆ ಕಾಣುವುದಿಲ್ಲ.

ನಮ್ಮ ತಂಡ ಮೊದಲ ಲೀಗ್ ಪಂದ್ಯ ಆಡಿದ್ದು 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಹಳೆಯ ಫುಟ್ಬಾಲ್ ಕ್ರೀಡಾಂಗಣದಲ್ಲಿ. ಎದುರಾಳಿ ಕೋಲ್ಕತಾದ ಮೋಹನ್ ಬಗಾನ್. ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿರುವ ಕ್ಲಬ್ಬಿನೆದುರು ಅಂದೇ ಕಣ್ಣು ಬಿಟ್ಟ ತಂಡ 1-1ರ ಸಮಬಲ ಸಾಧಿಸಿತು. ಆ ಸೀಸನ್ ಮುಗಿಯುವಾಗ ಐ-ಲೀಗ್ ನಮ್ಮದಾಗಿತ್ತು. ಮರುವರ್ಷ ತಂಡ ಕಂಠೀರವಕ್ಕೆ ಬಂತು. ಅಲ್ಲಿ ಓಟದ ಟ್ರ್ಯಾಕು ನಡುವೆ ಇರುವುದರಿಂದ ಪ್ರೇಕ್ಷಕರಿಗೆ ಆಟಗಾರರು ದೂರ. ಆ ದೂರವನ್ನು ಡೋಲು, ಚಪ್ಪಾಳೆ, ಹಾಡುಗಳಿಂದ ತುಂಬಬೇಕಾಗುತ್ತದೆ. ಪಶ್ಚಿಮದ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರಿನಲ್ಲಿ ನೀಲಿ ಅಂಗಿಯವರು ಪಂದ್ಯ ಮುಗಿಯುವ ತನಕ ಕುಳಿತುಕೊಳ್ಳದೆ ಮಾಡುವುದು ಇದನ್ನೇ.

2016ರ ಅಕ್ಟೋಬರಿನಲ್ಲಿ ಅಲ್ಲಿಯೇ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿದಾಗ ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ ಎದುರು ಒಂದು ಗೋಲಿನಿಂದ ಸೋತೆವು. 2019ರ ಮಾರ್ಚಿನಲ್ಲಿ ಗೋವಾ ತಂಡವನ್ನು ಸೋಲಿಸಿ ಐಎಸ್‌ಎಲ್ ಗೆದ್ದೆವು. ಇವೆಲ್ಲ ಎಲ್ಲರಿಗೂ ನೆನಪಿರುವ ದಿನಗಳು. ಆದರೆ ಅಭಿಮಾನಿಯ ಪರೀಕ್ಷೆ ನಡೆಯುವುದು ಇಂಥ ದಿನಗಳಲ್ಲಲ್ಲ. 2023-24ರಲ್ಲಿ ನಮ್ಮ ತಂಡ ಹನ್ನೆರಡರಲ್ಲಿ ಹತ್ತನೆಯದಾಯಿತು. ಆ ವರ್ಷ ಕೆಲಸ ಮುಗಿಸಿ, ಕಸ್ತೂರಬಾ ರಸ್ತೆಯ ವಾಹನಗಳ ನಡುವೆ ಸಿಕ್ಕಿಬಿದ್ದು, ಸೋಲುವುದು ಹೆಚ್ಚುಕಡಿಮೆ ಖಾತ್ರಿಯಿರುವ ಪಂದ್ಯಕ್ಕೆ ಹೋಗಿ, ಸೋಲನ್ನೇ ನೋಡಿ, ಮುಂದಿನ ಪಂದ್ಯ ಯಾವಾಗ ಎಂದು ಕೇಳುತ್ತಾ ಮನೆಗೆ ಮರಳಿದವರಿದ್ದಾರೆ. ತಂಡ ಉಳಿದಿರುವುದು ಅವರಿಂದ.

ಮುಂದಿನ ವರ್ಷ ಅದೇ ತಂಡ ಮೋಹನ್ ಬಗಾನನ್ನು ಇಲ್ಲಿ 3-0ರಿಂದ ಸೋಲಿಸಿತು. ಡಿಸೆಂಬರಿನಲ್ಲಿ ನಲವತ್ತು ವರ್ಷದ ಸುನಿಲ್ ಛೆಟ್ರಿ ಕೇರಳ ಬ್ಲಾಸ್ಟರ್ಸ್ ಎದುರು ಮೂರು ಗೋಲು ಹೊಡೆದರು. 2025ರ ಮಾರ್ಚ್ 29ರಂದು ಪ್ಲೇ-ಆಫ್ ಪಂದ್ಯ. ರಮಝಾನಿನ ಕೊನೆಯ ಶನಿವಾರ, ಈದ್‌ಗೆ ಎರಡೇ ದಿನ ಬಾಕಿ. ಉಪವಾಸ ತೊರೆದು, ಮಗ್ರಿಬ್ ಮುಗಿಸಿ, ಏಳೂವರೆಯ ಆಟಕ್ಕೆ ಓಡೋಡಿ ಬರುವುದೆಂದರೆ ಏನೆಂದು ಬಂದವರಿಗೇ ಗೊತ್ತು. ಅಂಥ ಸಂಜೆಗಳಲ್ಲಿ ಖರ್ಜೂರದ ಪೊಟ್ಟಣ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಯಾರು ಉಪವಾಸವಿದ್ದವರು, ಯಾರು ಅಲ್ಲ ಎಂದು ಯಾರೂ ಕೇಳುವುದಿಲ್ಲ. ಮುಂಬೈ ತಂಡ ಅಂದು 5-0ರಿಂದ ಸೋತು ಹೋಯಿತು. ಸೆಮಿಫೈನಲಿನಲ್ಲಿ ಗೋವಾದ ನೆಲದಲ್ಲಿ ಕೊನೆಯ ಗಳಿಗೆಯಲ್ಲಿ ಛೆಟ್ರಿಯ ತಲೆಯಿಂದ ಬಂದ ಗೋಲು ನಮ್ಮನ್ನು ಫೈನಲಿಗೆ ಒಯ್ದಿತು. ಏಪ್ರಿಲ್ 12ರಂದು ಕೋಲ್ಕತಾದ ಸಾಲ್ಟ್ ಲೇಕ್‌ನಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಅಳುವವರು ಅತ್ತರು. ‘ಇರಲಿ, ಸೆಪ್ಟೆಂಬರಿನಲ್ಲಿ ನೋಡೋಣ’ ಎಂದು ಎಲ್ಲರೂ ಎದ್ದರು.

ಆ ಸೆಪ್ಟೆಂಬರ್ ಬರಲಿಲ್ಲ.

ಯಾಕೆ ಬರಲಿಲ್ಲ? ಯುದ್ಧವಿರಲಿಲ್ಲ, ರೋಗವಿರಲಿಲ್ಲ. ಕೊರೋನಾ ಕಾಲದಲ್ಲೂ ಗೋವಾದಲ್ಲಿ ಖಾಲಿ ಮೈದಾನಗಳಲ್ಲಿ ಲೀಗ್ ನಡೆದಿತ್ತು. ಈ ಸಲ ಅಡ್ಡ ಬಂದದ್ದು ಒಂದು ಕಾಗದ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು ಖಾಸಗಿ ಪಾಲುದಾರ ಕಂಪನಿಗೆ ಕೊಟ್ಟ ಒಪ್ಪಂದ 2010ರದ್ದು. ಅದರ ಅವಧಿ 15 ವರ್ಷ, ಮುಗಿಯುವುದು 2025ರ ಡಿಸೆಂಬರ್ 8ಕ್ಕೆ. ಈ ತಾರೀಕು ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಹದಿನೈದು ವರ್ಷ ಅದು ಕಾಗದದ ಮೇಲೆಯೇ ಇತ್ತು. ಮನೆ ಬಾಡಿಗೆಗೆ ಕೊಟ್ಟ ಸಾಮಾನ್ಯ ಮನುಷ್ಯನೂ ಕರಾರು ಮುಗಿಯುವ ಎರಡು ತಿಂಗಳ ಮುಂಚೆ ಮುಂದೇನೆಂದು ಕೇಳುತ್ತಾನೆ. ದೇಶದ ಫುಟ್ಬಾಲನ್ನು ನಡೆಸುವವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಫೆಡರೇಷನ್ನಿನ ಸಂವಿಧಾನದ ವಿವಾದ ಸುಪ್ರೀಂ ಕೋರ್ಟಿನಲ್ಲಿತ್ತು ಎಂಬುದು ನಿಜ. ಆದರೆ ಆ ವಿವಾದವೂ ಅಭಿಮಾನಿ ಹುಟ್ಟಿಸಿದ್ದಲ್ಲ. ಆಗಸ್ಟಿನಲ್ಲಿ ನಮ್ಮ ಕ್ಲಬ್ಬು ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಟೆಂಡರಿನ ಗಡುವು ಮುಗಿದಾಗ ಒಂದು ಬಿಡ್ಡೂ ಬಂದಿರಲಿಲ್ಲ. ಕೊನೆಗೆ ಸರಕಾರ ನಡುವೆ ಬಂದು, 2026ರ ಫೆಬ್ರವರಿ 14ರಿಂದ ಮೊಟಕುಗೊಳಿಸಿದ ಲೀಗ್ ಶುರುವಾಗುವುದೆಂದು ಘೋಷಿಸಿತು. ಹಿಂದಿನ ಸೀಸನಿನಲ್ಲಿ ಪ್ರತಿ ತಂಡ 24 ಪಂದ್ಯ ಆಡಿತ್ತು. ಈಗ 14 ತಂಡಗಳು ಒಬ್ಬರನ್ನೊಬ್ಬರು ಒಮ್ಮೆ ಮಾತ್ರ ಎದುರಿಸುವ ಲೆಕ್ಕ, ಅಂದರೆ 13 ಪಂದ್ಯ.

ಈ ಏಳು ತಿಂಗಳಲ್ಲಿ ಫೆಡರೇಷನ್, ಕಂಪನಿ, ಕ್ಲಬ್ಬುಗಳ ಮಾಲಿಕರು, ವಕೀಲರು, ಸಚಿವರು ಎಲ್ಲರೂ ಮಾತನಾಡಿದರು. ಟಿಕೆಟ್ ಕೊಂಡವನಿಗೆ ಮಾತ್ರ ಆ ಮೇಜಿನ ಬಳಿ ಕುರ್ಚಿ ಇರಲಿಲ್ಲ. ಪಂದ್ಯಗಳಿದ್ದಾಗ ನಮ್ಮ ಹಾಡು ಟಿವಿಗೆ ಬೇಕು, ನಮ್ಮ ಮುಖಗಳು ಜಾಹೀರಾತಿಗೆ ಬೇಕು. ಪಂದ್ಯಗಳೇ ನಿಂತುಹೋದಾಗ ನಮಗೊಂದು ಮಾತು ಹೇಳಬೇಕೆಂದೂ ಯಾರಿಗೂ ಅನ್ನಿಸುವುದಿಲ್ಲ.

ಇದು ಬೆಂಗಳೂರಿನವರ ಗೋಳು ಮಾತ್ರವಲ್ಲ. ಹೈದರಾಬಾದನ್ನು ನೋಡಿ. ಸೈಯದ್ ಅಬ್ದುಲ್ ರಹೀಮ್ ಸಾಹೇಬರ ಊರು ಅದು. 1956ರ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ, 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನಕ್ಕೆ ಕರೆದೊಯ್ದ ಗುರು ಅವರು. ಅವರು ತರಬೇತಿ ನೀಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಆ ಊರಿನ ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್‌ಎಲ್ ಗೆದ್ದ ತಂಡ. 2025ರಲ್ಲಿ ಅದು ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟುಹೋಯಿತು. ತಂಡವನ್ನು ಗೋದಾಮಿನ ಸರಕಿನಂತೆ ಲಾರಿಗೆ ಹೇರಬಹುದು. ಅದನ್ನು ಪ್ರೀತಿಸಿದ ಹುಡುಗನನ್ನು ಯಾವ ಲಾರಿಗೆ ಹೇರುತ್ತೀರಿ?

ತಂಡಗಳು ಹೀಗೆ ಕಣ್ಮರೆಯಾಗುವುದು ಹೊಸತಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು, ಪಂಜಾಬಿನ ಜೆಸಿಟಿ 2011ರಲ್ಲಿ. ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇವೆ. ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಮೊತ್ತಮೊದಲು ಗೆದ್ದ ಭಾರತೀಯ ನಾಗರಿಕ ತಂಡ ಕೋಲ್ಕತಾದ್ದಲ್ಲ, ನಮ್ಮ ಬೆಂಗಳೂರಿನದು. ಅದರ ಹೆಸರು ಬ್ಯಾಂಗಲೋರ್ ಮುಸ್ಲಿಮ್ಸ್, ವರ್ಷ 1937. ಮರುವರ್ಷವೂ ಅದೇ ಗೆದ್ದಿತು. 1940ರ ಫೈನಲಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರು ಸೋತಿತು, 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮತ್ತೆ ಗೆದ್ದಿತು. ದಂಡು ಪ್ರದೇಶದ ಗಲ್ಲಿಗಳಲ್ಲಿ ಬೆಳೆದ ಆಟ ಅದು. ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಇಂದಿಗೂ ತಮಿಳರು, ಕ್ರೈಸ್ತರು, ಮುಸ್ಲಿಮರು ಒಂದೇ ಚೆಂಡಿನ ಹಿಂದೆ ಓಡುತ್ತಾರೆ. ಆದರೆ ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಎಷ್ಟು ಮುಸ್ಲಿಮ್ ಮನೆಗಳಲ್ಲಿ ಗೊತ್ತು? ರೋವರ್ಸ್ ಕಪ್ಪೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಸೀಸನ್ ನಿಂತರೆ ಆಟ ಮಾತ್ರ ನಿಲ್ಲುವುದಿಲ್ಲ, ನೆನಪೂ ಸಾಯುತ್ತದೆ. ತಂದೆ ಮಗನಿಗೆ ಹೇಳಲು ಏನೂ ಉಳಿಯುವುದಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. 2018ರ ಜೂನ್ 1ರಂದು ಭಾರತ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ಮುಂಬಯಿಯ ಮೈದಾನದಲ್ಲಿದ್ದ ಪ್ರೇಕ್ಷಕರು 2,569. ಬೈಯಲಿಕ್ಕಾದರೂ ಸರಿ, ಮೈದಾನಕ್ಕೆ ಬನ್ನಿ ಎಂದು ನಾಯಕ ಛೆಟ್ರಿ ಜನರೆದುರು ಕೈಮುಗಿಯಬೇಕಾಯಿತು. ಮುಂದಿನ ಪಂದ್ಯಕ್ಕೆ ಟಿಕೆಟ್ ಸಿಗಲಿಲ್ಲ. ಒಂದು ವಾರದ ಉತ್ಸಾಹ ಅದು. ವಿಶ್ವಕಪ್ ಬಂದರೆ ಕರಾವಳಿಯಿಂದ ಮಲಬಾರಿನವರೆಗೆ ಮೆಸ್ಸಿ, ನೇಯ್ಮರರ ಕಟೌಟ್ ಏಳುತ್ತವೆ. ಅದು ಸಂತೋಷವೇ. ಆದರೆ ಅದೇ ರಸ್ತೆಯ ಹುಡುಗರು ಆಡುವ ಜಿಲ್ಲಾ ಲೀಗಿನ ಪಂದ್ಯಕ್ಕೆ ಎಷ್ಟು ಜನ ಹೋಗುತ್ತೇವೆ?

ಗೆಲುವನ್ನು ಮಾತ್ರ ಆರಾಧಿಸುವ ಅಭಿಮಾನ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಇದೇ ಊರು ನೋಡಿದೆ. 2025ರ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಮರುದಿನ, ಕಂಠೀರವದಿಂದ ನಡೆದುಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸತ್ತವರದು ತಪ್ಪಲ್ಲ. ಹದಿನೆಂಟು ಸೀಸನ್ ಕಾದವರಿಗೆ ಆ ಸಂಭ್ರಮದ ಹಕ್ಕಿತ್ತು. ಜನರನ್ನು ಸಂಭ್ರಮದ ಅಲಂಕಾರವಾಗಿ ಮಾತ್ರ ಕಂಡ ಮನಸ್ಸಿನದು ತಪ್ಪು. ಫುಟ್ಬಾಲಿನಲ್ಲಿ ನಮ್ಮ ಸೀಸನನ್ನು ಕಿತ್ತುಕೊಂಡದ್ದೂ ಅದೇ ಮನಸ್ಸು.

ಇನ್ನೊಂದು ಮಾತು. 2023ರ ಮಾರ್ಚ್ 3ರಂದು ಛೆಟ್ರಿಯ ಫ್ರೀಕಿಕ್ ಗೋಲನ್ನು ಪ್ರತಿಭಟಿಸಿ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದ ಮೇಲೆ ಎರಡೂ ಕಡೆಯ ಅಭಿಮಾನಿಗಳ ನಡುವಿನ ಮಾತು ಹಳಸಿತು. ಎದುರು ತಂಡವನ್ನು ಗೇಲಿ ಮಾಡುವುದು ಆಟದ ರುಚಿ. ಆದರೆ ಅದು ಎದುರಿನವನ ಭಾಷೆಯನ್ನು, ಊರನ್ನು, ಮನೆಯವರನ್ನು ಹೀಗಳೆಯುವವರೆಗೆ ಹೋದರೆ ಅಭಿಮಾನವಲ್ಲ, ಬೀದಿಯ ದ್ವೇಷ. ಅದಕ್ಕೆ ನಮ್ಮ ಗ್ಯಾಲರಿಯಲ್ಲಿ ಜಾಗವಿರಬಾರದು.

‘ವರ್ಷಕ್ಕೆ ಕೋಟಿಗಟ್ಟಲೆ ನಷ್ಟ ಅನುಭವಿಸುವವರು ಮಾಲಿಕರು, ಕೆಲವು ನೂರು ರೂಪಾಯಿ ಟಿಕೆಟ್ ಕೊಂಡ ನೀವು ಯಾವ ಹಕ್ಕಿನಿಂದ ಮಾತನಾಡುತ್ತೀರಿ?’ ಎಂದು ಕೇಳುವವರಿದ್ದಾರೆ. ನಷ್ಟದ ಮಾತು ಸುಳ್ಳಲ್ಲ, ನಾವು ಅದಕ್ಕೆ ಕೃತಜ್ಞರೂ ಹೌದು. ಆದರೆ ಮಾಲಿಕರು ಬದಲಾಗುತ್ತಾರೆ, ತರಬೇತುದಾರರು ಬದಲಾಗುತ್ತಾರೆ, ಛೆಟ್ರಿಯೂ ಒಂದು ದಿನ ಬೂಟು ಕಳಚುತ್ತಾರೆ. ಹತ್ತನೆಯ ಸ್ಥಾನಕ್ಕೆ ಬಿದ್ದಾಗಲೂ ಬಿಟ್ಟುಹೋಗದವನ ಬಳಿ ಹಣವಿಲ್ಲದಿರಬಹುದು, ಹಕ್ಕಿದೆ. ಬೇರೆ ದೇಶಗಳು ಇದನ್ನು ಒಪ್ಪಿಕೊಂಡಿವೆ. ಜರ್ಮನಿಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ಹೆಚ್ಚಿನ ಮತಗಳು ಅದರ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. 2021ರ ಏಪ್ರಿಲಿನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಅಲ್ಲಿನ ಆರೂ ಕ್ಲಬ್ಬುಗಳು ಹಿಂದೆಗೆದವು. ಕ್ಲಬ್ಬುಗಳ ಮೇಲೆ ಕಣ್ಣಿಡಲು ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ಕಾನೂನು ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 2025ರ ಜುಲೈಯಲ್ಲಿ, ನಮ್ಮ ಸೀಸನ್ ತಡೆಹಿಡಿದ ಅದೇ ತಿಂಗಳಲ್ಲಿ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಸೀಸನ್ ಯಾವಾಗ ಶುರು, ಯಾವಾಗ ಮುಕ್ತಾಯ ಎಂಬುದನ್ನು ಮುಂಚಿತವಾಗಿ ಹೇಳಿ, ಹೇಳಿದ ಮಾತಿಗೆ ನಿಲ್ಲಬೇಕು. ಊರಿನ ತಂಡವನ್ನು ಮುಚ್ಚುವ ಅಥವಾ ಸಾಗಿಸುವ ಮೊದಲು ಆ ಊರಿನ ಅಭಿಮಾನಿಗಳ ಮಾತು ಕೇಳಬೇಕು. ಲೀಗಿನ ತೀರ್ಮಾನಗಳಾಗುವಲ್ಲಿ ಅಭಿಮಾನಿಗಳ ಪ್ರತಿನಿಧಿಯೊಬ್ಬರು ಇರಬೇಕು. ಇಷ್ಟನ್ನು ಕೇಳುವ ಯೋಗ್ಯತೆ ನಮಗಿರಬೇಕಾದರೆ ಗ್ಯಾಲರಿ ಖಾಲಿಯಿರಬಾರದು. ಗೆದ್ದ ದಿನ ಮಾತ್ರ ಬರುವ ಜನರನ್ನು ಯಾವ ಫೆಡರೇಷನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮದೊಂದು ಕೋರಿಕೆ. ನಮ್ಮ ತಂಡ ಸಾಲಾಗಿ ಎರಡು ಪಂದ್ಯ ಸೋತಿದೆ ಎಂದು ಪತ್ರಿಕೆಯಲ್ಲಿ ಓದಿದಿರಾದರೆ ಮೂರನೆಯದಕ್ಕೆ ಬನ್ನಿ. ಒಬ್ಬರೇ ಬರಬೇಡಿ, ಮಗಳನ್ನೂ ತಂಗಿಯನ್ನೂ ಕರೆದುಕೊಂಡು ಬನ್ನಿ. ಬೆಂಗಳೂರಿನವರಲ್ಲದಿದ್ದರೆ ನಿಮ್ಮೂರಿನ ಮೈದಾನದಲ್ಲಿ ಆಡುವ ತಂಡವನ್ನು ಒಂದು ಸೀಸನ್ ಪೂರ್ತಿ ಹಿಂಬಾಲಿಸಿ ನೋಡಿ. ಕೊನೆಯ ಪಂದ್ಯದ ದಿನ ಪಕ್ಕದಲ್ಲಿ ಕುಳಿತವನ ಹೆಸರು ನಿಮಗೆ ಗೊತ್ತಿರುತ್ತದೆ.