ಆನೆ ನಿಂತರೂ ಬಗ್ಗದ ಪೈಪು

ಹುಕ್ಕೇರಿಯಲ್ಲಿರುವ ನನ್ನ ಸೋದರಮಾವನ ಹಳೆಯ ಕಾರಿನ ಕ್ರಾಸ್‌ಮೆಂಬರ್ ತುಕ್ಕು ತಿಂದು ತೂತು ಬಿದ್ದಿತ್ತು. ಕ್ರಾಸ್‌ಮೆಂಬರ್ ಅಂದರೆ ಕಾರಿನ ಅಡಿಯಲ್ಲಿ ಅಡ್ಡಲಾಗಿ ಕೂತು, ಮುಂದಿನ ಎರಡೂ ಚಕ್ರಗಳ ಸಸ್ಪೆನ್ಷನ್ ತೋಳುಗಳನ್ನು ಹಿಡಿದಿಡುವ ಉಕ್ಕಿನ ತೊಲೆ. ಕಂಪನಿಯ ಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು ಎಂದು ಗೊತ್ತಾದಾಗ ಮಾವ ಗೋಕಾಕದ ಒಂದು ವರ್ಕ್‌ಶಾಪಿಗೆ ಹೋದರು. ಅಲ್ಲಿ ಎರಡೇ ದಿನದಲ್ಲಿ ದುಂಡು ಪೈಪು ಬಗ್ಗಿಸಿ, ಬ್ರಾಕೆಟ್ ಬೆಸೆದು, ಕಪ್ಪು ಬಣ್ಣ ಹೊಡೆದು ಕೂರಿಸಿಕೊಟ್ಟರು. 'ಆನಿ ನಿಂತ್ರೂ ಬಗ್ಗಂಗಿಲ್ರಿ ಇದು' ಅಂದರಂತೆ ಮಿಸ್ತ್ರಿ.

ಅವರು ಹೇಳಿದ್ದು ಸುಳ್ಳಲ್ಲ. ಅದು ಬಗ್ಗಲಿಲ್ಲ. ಹದಿನಾಲ್ಕು ತಿಂಗಳಿಗೆ ಬಿರುಕು ಬಿಟ್ಟಿತು.

ನೋಡಿದ್ದು ನಾನೇ. ದೀಪಾವಳಿ ರಜೆಯಲ್ಲಿ ಕಾರಿನ ಕೆಳಗೆ ಮಲಗಿ ಅಂಟಿದ್ದ ಎರೆಮಣ್ಣು ಕೆರೆಯುತ್ತಿದ್ದೆ. ಎಡಗಡೆಯ ಬ್ರಾಕೆಟ್ ಪೈಪಿಗೆ ಸೇರುವ ಜಾಗದಲ್ಲಿ, ಬೆಸುಗೆಯ ಅಂಚಿಗೆ ಸರಿಯಾಗಿ, ಬಣ್ಣದ ಮೇಲೆ ತುಕ್ಕಿನ ಒಂದು ಗೆರೆ ಕಂಡಿತು. ಉಗುರಿನಿಂದ ಬಣ್ಣ ತೆಗೆದರೆ ಗೆರೆ ಪೈಪಿನ ಸುತ್ತ ಕಾಲು ಭಾಗದಷ್ಟು ಓಡಿತ್ತು. ಹಿಂದಿನ ದಿನವಷ್ಟೇ ಅಜ್ಜಿಯನ್ನೂ ಅವ್ವನನ್ನೂ ಕೂರಿಸಿಕೊಂಡು ಅದೇ ಕಾರು ಮೂಡಲಗಿಗೆ ಹೋಗಿ ಬಂದಿತ್ತು. ಆ ಬ್ರಾಕೆಟ್ ಕಿತ್ತರೆ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ, ಸ್ಟೇರಿಂಗ್ ಹಿಡಿದವರ ಮಾತು ಕೇಳುವುದಿಲ್ಲ.

ಮಿಸ್ತ್ರಿಯನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಅದನ್ನು ಕೂರಿಸಿದ ವಾರ ನಾನು ನೋಡಿ 'ಭಾರೀ ಆಗೇತಿ ಮಾಮಾ' ಅಂದಿದ್ದೆ. ಕಾರಣ, ನಾವು ಕಾಲೇಜಿನಲ್ಲಿ ಬಾಹಾ ಸ್ಪರ್ಧೆಗೆಂದು ಬಗ್ಗಿ ಕಟ್ಟುವಾಗ ಪೂರ್ತಿ ಪೈಪಿನ ಚೌಕಟ್ಟನ್ನೇ ಮಾಡಿದ್ದೆವು. ಪೈಪು ಹಗುರ, ತಿರುಚುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ನೋಡಲೂ ಚೆಂದ. ಆದರೆ ಬಾಹಾದ ಎಂಡ್ಯೂರೆನ್ಸ್ ಓಟ ನಾಲ್ಕು ಗಂಟೆಯದು. ನಮ್ಮ ಬಗ್ಗಿ ಬಾಳಬೇಕಾದದ್ದು ಅಷ್ಟೇ. ಓಟದ ಕಾರುಗಳಿಗೆ ಮಾಡುವ ಪೈಪಿನ ಕ್ರಾಸ್‌ಮೆಂಬರ್‌ಗಳ ಕಥೆಯೂ ಇದೇ. ಓಟ ಮುಗಿದ ಮೇಲೆ ಅಡಿಗೆ ಹೋಗಿ ಬೆಸುಗೆ ನೋಡುವ ಜನ ಅಲ್ಲಿರುತ್ತಾರೆ. ಮಾವನ ಕಾರಿನ ಅಡಿಗೆ ಹೋಗುವವರು ಯಾರು? ಆಯಿಲ್ ಬದಲಿಸುವ ಹುಡುಗ ಮಾತ್ರ, ಅದೂ ಆರು ತಿಂಗಳಿಗೊಮ್ಮೆ.

ಗಟ್ಟಿತನವೇ ಬೇರೆ, ಬಾಳಿಕೆಯೇ ಬೇರೆ. ಇದನ್ನು ಜಗತ್ತು ಕಲಿತದ್ದು ರೈಲಿನಿಂದ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಭಾರ ತಾಳದ ಅಚ್ಚು ಅದಲ್ಲ. ಅಷ್ಟು ದಿನ ತಾಳಿಕೊಂಡೇ ಬಂದಿತ್ತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಗಟ್ಟಲೆ ಸಲ ತಿರುಗಿಸಿ ಪರೀಕ್ಷೆ ಮಾಡಿ, ಸಣ್ಣ ಹೊರೆಯೂ ಮತ್ತೆ ಮತ್ತೆ ಬಿದ್ದರೆ ಉಕ್ಕು ದಣಿಯುತ್ತದೆ ಎಂದು ತೋರಿಸಿದ. ಐದನೇ ಸೆಮಿಸ್ಟರಿನಲ್ಲಿ ಆ ವಕ್ರರೇಖೆ ಬರೆದು ಅಂಕ ತೆಗೆದುಕೊಂಡವನು ನಾನು. ಮಾವನ ಕಾರಿನ ಕೆಳಗೆ ಅದು ನೆನಪಾಗಲಿಲ್ಲ!

ಬೆಸುಗೆ ಹಾಕಿದ ಕಡೆ ಈ ದಣಿವು ಇನ್ನೂ ಬೇಗ. ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಇರುತ್ತದೆ, ಒತ್ತಡವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. 'ನಾವು ಹೈ ಟೆನ್ಸೈಲ್ ಪೈಪೇ ಹಾಕೂದು' ಎನ್ನುವವರಿದ್ದಾರೆ. ಎಷ್ಟೇ ದುಬಾರಿ ಉಕ್ಕಾದರೂ ಬೆಸೆದ ಜಾಗದ ದಣಿವಿನ ಆಯಸ್ಸು ಅದರಿಂದ ಹೆಚ್ಚುವುದಿಲ್ಲ ಎಂದೇ ಹೇಳಬಹುದು. ಒತ್ತಡ ದುಪ್ಪಟ್ಟಾದರೆ ಆಯಸ್ಸು ಅರ್ಧವಾಗುತ್ತದೆ ಎಂದುಕೊಂಡರೆ ತಪ್ಪು, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈಗ ನಮ್ಮ ರಸ್ತೆಯ ಲೆಕ್ಕ ಹಾಕಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಎಲ್ಲ ಕಡೆ ಓಡಾಡುತ್ತವೆ. ಹಂಗಾಮು ಮುಗಿಯುವ ಹೊತ್ತಿಗೆ ಡಾಂಬರು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ಕಿಲೋಮೀಟರಿಗೆ ನೂರು ಹೊಡೆತ ಎಂದುಕೊಳ್ಳೋಣ, ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿದರೆ 12 ಲಕ್ಷ ಹೊಡೆತ. ಬೆಸುಗೆಯ ದಣಿವಿನ ದರ್ಜೆಯನ್ನು ಪುಸ್ತಕಗಳಲ್ಲಿ ಅಳೆಯುವುದೇ 20 ಲಕ್ಷ ಹೊಡೆತಗಳಿಗೆ. ಎರಡು ವರ್ಷದೊಳಗೇ ನಾವು ಅದನ್ನು ದಾಟಿರುತ್ತೇವೆ. ಆನೆಯಾದರೆ ಒಂದು ಸಲ ನಿಂತು ಇಳಿದು ಹೋಗುತ್ತದೆ.

ಕಂಪನಿಯ ಕ್ರಾಸ್‌ಮೆಂಬರ್ ನೋಡಲು ಡಬ್ಬದ ತಗಡಿನಂತೆ, ಅಂದಗೇಡಿ. ಆದರೆ ಅದು ಭಾರವನ್ನು ಅಗಲ ಜಾಗಕ್ಕೆ ಹಂಚುವಂತೆ ಮಡಿಸಿರುತ್ತದೆ. ತೆಳು ಪೈಪಿಗೆ ಅಂಗೈಯಗಲದ ಬ್ರಾಕೆಟ್ ಬೆಸೆದರೆ ಎಲ್ಲ ಹೊಡೆತವೂ ಪೈಪಿನ ಗೋಡೆಯ ಒಂದೇ ಜಾಗಕ್ಕೆ. ಜೊತೆಗೆ, ಯಾರೋ ಒಂದು ಬೋಲ್ಟಿಗೆಂದು ತೂತು ಕೊರೆದರೆ ಕಾಲುವೆ ಕೆಳಗಿನ ನಮ್ಮ ಹೊಲದ ದಾರಿಗಳ ನೀರು ಒಳಗೆ ಸೇರಿ, ಹೊರಬರಲಾರದೆ, ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಮಿಂಚುತ್ತಲೇ ಇರುತ್ತದೆ. (ಕಬ್ಬಿನ ಟ್ರೇಲರ್ ಕೊಂಡಿಗಳ ಬೆಸುಗೆಯೂ ಇದೇ ಜಾತಿಯದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಕಾನೂನು ಇಲ್ಲವೇ ಅಂದರೆ ಇದೆ. ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಆದರೆ ಹಳೆಯ ಕಾರಿನ ಮಾಲೀಕನ ಕೈಯಲ್ಲಿ ದುಡ್ಡಿಲ್ಲ, ಅಂಗಡಿಯಲ್ಲಿ ಭಾಗವಿಲ್ಲ. ಅವನು ಬೆಸುಗೆಯವನ ಹತ್ತಿರ ಹೋಗಿಯೇ ಹೋಗುತ್ತಾನೆ. ಬರೀ ನಿಷೇಧದಿಂದ ಪೈಪು ನಿಲ್ಲುವುದಿಲ್ಲ, ಅದರ ಸುದ್ದಿ ಯಾರೂ ಆಡುವುದಿಲ್ಲ ಅಷ್ಟೇ. ದಿನಾ ಓಡುವ ಕಾರಿಗೆ ಇದನ್ನು ಹಾಕಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಆಗಲೇ ಹಾಕಿಸಿಕೊಂಡವರು ಕನಿಷ್ಠ ಬಿರುಕು ನೋಡಿಸಿಕೊಳ್ಳಲಿ. ಅದಕ್ಕೆ ದೊಡ್ಡ ಯಂತ್ರ ಬೇಡ. ಬಣ್ಣ ಕೆರೆದು ಸ್ವಚ್ಛ ಮಾಡಿ, ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಮೆಕ್ಯಾನಿಕಲ್ ವಿಭಾಗವಿರುವ ಯಾವ ಕಾಲೇಜೂ, ಯಾವ ಐಟಿಐಯೂ ತಿಂಗಳಿಗೊಂದು ಶನಿವಾರ ಇದನ್ನು ಊರಿನವರಿಗೆ ಮಾಡಿಕೊಡಬಹುದು. ನಮಗೂ ಲ್ಯಾಬಿನ ಗೋಡೆಯಾಚೆ ಒಂದು ನಿಜವಾದ ಬಿರುಕು ನೋಡಿದಂತಾಗುತ್ತದೆ.

ಮಾವನ ಕಾರಿಗೆ ಕೊನೆಗೂ ಕಂಪನಿಯ ಭಾಗವೇ ಬಂತು, ಆರು ವಾರ ಕಾದು. ಅಷ್ಟು ದಿನ ಅವರು ಬಸ್ಸಿನಲ್ಲಿ ಓಡಾಡಿದರು. ಬಿಚ್ಚಿದ ಪೈಪನ್ನು ನಾನೇ ಗೋಕಾಕಕ್ಕೆ ಒಯ್ದು ಮಿಸ್ತ್ರಿಗೆ ತೋರಿಸಿದೆ. ಜಗಳವಾಗಬಹುದು ಎಂದುಕೊಂಡಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಬೆಸುಗಿ ಬಿಟ್ಟಿಲ್ಲ, ಬಾಜೂಕ ಪೈಪು ಹರದೈತಿ' ಅಂದರು. ಆಮೇಲೆ, ಇಂಥವು ಇನ್ನೂ ಎರಡು ಮಾಡಿಕೊಟ್ಟಿದ್ದೇನೆ, ಒಂದು ಮೂಡಲಗಿಗೆ ಹೋಗಿದೆ ಎಂದು ಫೋನಿನಲ್ಲಿ ನಂಬರ್ ಹುಡುಕತೊಡಗಿದರು. ಪರೀಕ್ಷೆ ಮುಗಿದ ಮರುದಿನ ಡೈ ಡಬ್ಬಿ ತೆಗೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಆ ಎರಡೂ ಕಾರು ಓಡಿಸಬೇಡಿ ಎಂದು ಹೇಳಿ ಎಂದಿದ್ದೇನೆ.